ನಾಲಡಿಯಾರ್: ಹೆಸರಿಲ್ಲದ ಮುನಿಗಳ ನಾನೂರು ಪದ್ಯಗಳು

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)

 

ಹಲ್ಲು ಗಟ್ಟಿಯಾಗಬೇಕಾದರೆ ಆಲದ ಕಡ್ಡಿಯೂ ಜಾಲಿಯ ಕಡ್ಡಿಯೂ ಬೇಕು, ಮಾತು ಗಟ್ಟಿಯಾಗಬೇಕಾದರೆ ‘ನಾಲ್ಕೂ’ ‘ಎರಡೂ’ ಬೇಕು ಎಂಬ ಅರ್ಥದ ಗಾದೆಯೊಂದು ತಮಿಳುನಾಡಿನಲ್ಲಿ ಮನೆಮಾತಾಗಿದೆ. ಎರಡು ಎಂದರೆ ಎರಡೆರಡು ಸಾಲಿನ ತಿರುಕ್ಕುರಳ್. ನಾಲ್ಕು ಎಂದರೆ ನಾಲ್ಕು ನಾಲ್ಕು ಸಾಲಿನ ನಾಲಡಿಯಾರ್. ತಿರುಕ್ಕುರಳಿನ ಹೆಸರನ್ನು ಕನ್ನಡಿಗರಲ್ಲಿ ಕೇಳದವರು ವಿರಳ. ನಾಲಡಿಯಾರಿನ ಹೆಸರನ್ನು ಕೇಳಿದವರೇ ವಿರಳ. ಆ ನಾನೂರು ಪದ್ಯಗಳು ಜೈನ ಮುನಿಗಳ ರಚನೆಯೆಂದು ತಮಿಳು ವಿದ್ವಾಂಸರು ಒಕ್ಕೊರಲಿನಿಂದ ಹೇಳುತ್ತಿರುವಾಗ, ಕರ್ನಾಟಕದ ಜೈನ ಮನೆಗಳಲ್ಲಿಯೇ ಅದು ಅಪರಿಚಿತವಾಗಿ ಉಳಿದಿರುವುದು ಸೋಜಿಗವೂ ಹೌದು, ಸ್ವಲ್ಪ ಖೇದಕರವೂ ಹೌದು.

ಗ್ರಂಥದ ಸ್ವರೂಪವನ್ನು ಮೊದಲು ತಿಳಿಯುವುದು ಒಳ್ಳೆಯದು. ‘ನಾಲ್’ ಎಂದರೆ ನಾಲ್ಕು, ‘ಅಡಿ’ ಎಂದರೆ ಪದ್ಯದ ಪಾದ. ‘ಆರ್’ ಎಂಬುದು ಗೌರವಸೂಚಕ ಪ್ರತ್ಯಯ. ಹಿರಿಯರನ್ನು ಕರೆಯುವಂತೆ ತಮಿಳರು ಈ ಪುಸ್ತಕವನ್ನು ಬಹುವಚನದಲ್ಲಿ ಕರೆದಿದ್ದಾರೆ. ಪದ್ಯಗಳೆಲ್ಲವೂ ವೆಣ್ಬಾ ಎಂಬ ಛಂದಸ್ಸಿನಲ್ಲಿವೆ. ಪದುಮನಾರ್ ಎಂಬವರು ಇವನ್ನು ಹತ್ತು ಹತ್ತು ಪದ್ಯಗಳ 40 ಅಧ್ಯಾಯಗಳಾಗಿ ಜೋಡಿಸಿ ವ್ಯಾಖ್ಯಾನ ಬರೆದರೆಂದು ಪ್ರತೀತಿ. ಮೊದಲ 13 ಅಧ್ಯಾಯಗಳು ಧರ್ಮವನ್ನು ಕುರಿತವು. ಆಮೇಲೆ ಲೋಕವ್ಯವಹಾರದ ಅಧ್ಯಾಯಗಳು ಬಹಳವಾಗಿ ಬರುತ್ತವೆ. ಕಾಮವನ್ನು ಕುರಿತದ್ದು ಕಟ್ಟಕಡೆಗೆ. ‘ಪದಿನೆಣ್ ಕೀಳ್ ಕಣಕ್ಕು’ ಎಂಬ ಹದಿನೆಂಟು ಕಿರುಗ್ರಂಥಗಳ ಸಮೂಹದಲ್ಲಿ ತಿರುಕ್ಕುರಳೂ ನಾಲಡಿಯಾರೂ ಸೇರಿವೆ. ತಮಿಳಿನಲ್ಲಿ ‘ಕಣಕ್ಕು’ ಎಂಬ ಪದಕ್ಕೆ ಗ್ರಂಥವೆಂಬ ಅರ್ಥವೂ ಉಂಟು, ಲೆಕ್ಕವೆಂಬ ಅರ್ಥವೂ ಉಂಟು. ಅಂಗಡಿಯ ಗಾದಿಯ ಮೇಲೆ ಕುಳಿತವರಿಗೆ ಎರಡನೆಯ ಅರ್ಥವೇ ಮೊದಲು ಹೊಳೆದರೆ ತಪ್ಪಿಲ್ಲ.

ಈ ಸಮೂಹದ ಬೇರೆ ಕೆಲವು ಪುಸ್ತಕಗಳ ಹೆಸರುಗಳೂ ಗಂಧಿಗೆಯವರ ಅಂಗಡಿಯನ್ನು ನೆನಪಿಗೆ ತರುತ್ತವೆ. ತಿರಿಕಡುಗಂ ಎಂದರೆ ಶುಂಠಿ, ಮೆಣಸು, ಹಿಪ್ಪಲಿಗಳ ತ್ರಿಕಟು. ಅದರಲ್ಲಿ ಪದ್ಯಕ್ಕೆ ಮೂರು ಮಾತು. ಸಿರುಪಂಚಮೂಲಂ ಎಂದರೆ ಐದು ಬೇರುಗಳ ಔಷಧ. ಅಲ್ಲಿ ಪದ್ಯಕ್ಕೆ ಐದು ಮಾತು. ಏಲಾದಿ ಎಂದರೆ ಏಲಕ್ಕಿ ಮೊದಲಾದ ಆರು ದ್ರವ್ಯಗಳ ಚೂರ್ಣ. ಇವುಗಳಲ್ಲಿ ಸಿರುಪಂಚಮೂಲಂ, ಏಲಾದಿ ಎರಡೂ ಜೈನ ಕವಿಗಳ ಕೃತಿಗಳು. ಪಳಮೊಳಿ ಎಂಬ ಗಾದೆಗಳ ನಾನೂರು ಪದ್ಯಗಳ ಗ್ರಂಥವೂ ಹಾಗೆಯೇ. ದೇಹಕ್ಕೆ ಮದ್ದಿರುವಂತೆ ನಡತೆಗೂ ಮದ್ದು ಬೇಕೆಂದು ಅವರು ಬಗೆದಿದ್ದರು.

ನಾಲಡಿಯಾರ್ ಹುಟ್ಟಿದ ಬಗೆಗೆ ತಮಿಳುನಾಡಿನಲ್ಲಿ ಪ್ರಸಿದ್ಧವಾದ ಒಂದು ಐತಿಹ್ಯವಿದೆ. ಉತ್ತರದಲ್ಲಿ ದುರ್ಭಿಕ್ಷ ಬಂದಾಗ ಎಂಟು ಸಾವಿರ ಜೈನ ಮುನಿಗಳು ಪಾಂಡ್ಯದೇಶಕ್ಕೆ ಬಂದು ಅರಸನ ಆಶ್ರಯದಲ್ಲಿದ್ದರು. ಕ್ಷಾಮ ನೀಗಿದ ಬಳಿಕ ಸ್ವದೇಶಕ್ಕೆ ಹಿಂದಿರುಗಲು ಅಪ್ಪಣೆ ಬೇಡಿದರು. ಅಂಥ ವಿದ್ವಾಂಸರನ್ನು ಬಿಟ್ಟುಕೊಡಲು ಅರಸನಿಗೆ ಮನಸ್ಸು ಬರಲಿಲ್ಲ. ಒಂದು ರಾತ್ರಿ ಅವರು ಸದ್ದಿಲ್ಲದೆ ಹೊರಟುಹೋದರು. ಹೋಗುವ ಮುನ್ನ ಪ್ರತಿಯೊಬ್ಬರೂ ಒಂದೊಂದು ಪದ್ಯವನ್ನು ತಾಳೆಗರಿಯಲ್ಲಿ ಬರೆದು ತಮ್ಮ ತಮ್ಮ ಆಸನದ ಕೆಳಗೆ ಇಟ್ಟಿದ್ದರು. ಬೆಳಗಾದ ಮೇಲೆ ಅರಸನು ಅವನ್ನು ತರಿಸಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಕೋಪಗೊಂಡು ಎಲ್ಲವನ್ನೂ ವೈಗೈ ನದಿಗೆ ಎಸೆಯಿಸಿದನು. ಎಂಟು ಸಾವಿರ ಗರಿಗಳಲ್ಲಿ ನಾನೂರು ಮಾತ್ರ ಪ್ರವಾಹಕ್ಕೆ ಎದುರಾಗಿ ಈಜಿ ಬಂದುವಂತೆ. ಆ ನಾನೂರೇ ನಾಲಡಿಯಾರ್.

ಈ ಕಥೆಯನ್ನು ಕೇಳಿದ ಕನ್ನಡ ಜೈನರಿಗೆ ಮತ್ತೊಂದು ಕ್ಷಾಮದ ನೆನಪಾಗದೆ ಇರದು. ವಡ್ಡಾರಾಧನೆಯ ಭದ್ರಬಾಹು ಭಟ್ಟಾರರ ಕಥೆಯಲ್ಲಿ ಹನ್ನೆರಡು ವರ್ಷದ ಬರಗಾಲವಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟವು ಆ ಪರಂಪರೆಗೆ ಸಾಕ್ಷಿಯಾಗಿ ನಿಂತಿದೆ. ಭದ್ರಬಾಹುಗಳು ವಿಶಾಖಾಚಾರ್ಯರ ಮುಂದಾಳುತನದಲ್ಲಿ ಸಂಘವನ್ನು ಚೋಳ ಪಾಂಡ್ಯ ದೇಶಗಳತ್ತ ಕಳುಹಿಸಿದರೆಂದು ದೇವಚಂದ್ರನು 19ನೆಯ ಶತಮಾನದ ತನ್ನ ‘ರಾಜಾವಳೀ ಕಥೆ’ಯಲ್ಲಿ ಹೇಳಿದ್ದಾನೆ. ಪೂಜ್ಯಪಾದರ ಶಿಷ್ಯರಾದ ವಜ್ರನಂದಿಗಳು ದಕ್ಷಿಣ ಮಧುರೆಯಲ್ಲಿ ದ್ರಾವಿಡ ಸಂಘವನ್ನು ಸ್ಥಾಪಿಸಿದರೆಂದು 10ನೆಯ ಶತಮಾನದ ದೇವಸೇನನ ‘ದರ್ಶನಸಾರ’ವು ತಿಳಿಸುತ್ತದೆ. ಅಲ್ಲಿ ಕೊಟ್ಟಿರುವ ವಿಕ್ರಮ ಸಂವತ್ 526 ಎಂದರೆ ಕ್ರಿ.ಶ. 5ನೆಯ ಶತಮಾನದ ಉತ್ತರಾರ್ಧ. ಹೀಗೆ ಕಾವೇರಿಯ ಮೇಲ್ದಂಡೆಗೂ ವೈಗೈಯ ದಡಕ್ಕೂ ಮುನಿಗಳ ಹೆಜ್ಜೆಯ ದಾರಿಯೊಂದಿತ್ತು. ಆದರೆ ಭದ್ರಬಾಹುಗಳ ಕ್ಷಾಮವನ್ನೂ ನಾಲಡಿಯಾರಿನ ಕ್ಷಾಮವನ್ನೂ ಒಂದೇ ಎಂದು ಗಂಟುಹಾಕುವ ಉತ್ಸಾಹ ಬೇಡ. ಎರಡಕ್ಕೂ ನಡುವೆ ಶತಮಾನಗಳ ಅಂತರವಿದೆ.

ಗರಿಗಳು ಹೊಳೆಯಲ್ಲಿ ಮೇಲಕ್ಕೆ ಈಜಿದುವೆ ಎಂದು ಕೇಳುವವರೂ ಉಂಟು. ವೈಗೈ ನದಿಗೆ ಆ ಅಭ್ಯಾಸ ಇದ್ದಿರಬೇಕು! ಶೈವರ ಪೆರಿಯಪುರಾಣದಲ್ಲಿಯೂ ಅದೇ ಮಧುರೆಯ ಅದೇ ನದಿಯಲ್ಲಿ ಗರಿಗಳ ಪಂದ್ಯ ನಡೆಯುತ್ತದೆ. ಅಲ್ಲಿ ಸಂಬಂಧರ ಗರಿ ಎದುರೀಜುತ್ತದೆ, ಜೈನರ ಗರಿ ಕೊಚ್ಚಿಹೋಗುತ್ತದೆ. ಎರಡು ಮತದವರೂ ಒಂದೇ ನದಿಯಿಂದ ಎರಡು ತೀರ್ಪು ಪಡೆದುಕೊಂಡಿದ್ದಾರೆ. ಈ ಕುರಿತು ಇಂದು ವಾದಕ್ಕೆ ಇಳಿಯುವುದರಿಂದ ಪ್ರಯೋಜನವಿಲ್ಲ. ಗಮನಿಸಬೇಕಾದುದು ಬೇರೆ: ಅಂಥ ಕಹಿಯಾದ ಕಾಲವನ್ನು ದಾಟಿಯೂ ತಮಿಳರು ಜೈನ ಮುನಿಗಳ ಈ ಪುಸ್ತಕವನ್ನು ಕೈಬಿಡಲಿಲ್ಲ. ಶೈವರ ಮನೆಯ ಹುಡುಗನೂ ವೈಷ್ಣವರ ಮನೆಯ ಹುಡುಗನೂ ಜಗಲಿಯ ಮಠದಲ್ಲಿ ಇದನ್ನೇ ಬಾಯಿಪಾಠ ಮಾಡಿದರು. ಉಳುವ ಜನರಾದ ವೇಳಾಳರ ವೇದವೆಂದು ಇದಕ್ಕೆ ಹೆಸರು ಬಂದಿತು. ಕ್ರೈಸ್ತ ಪಾದ್ರಿಯಾದ ಜಿ.ಯು. ಪೋಪರು 1886ರಲ್ಲಿ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದು, 1893ರಲ್ಲಿ ನಾಲಡಿಯಾರನ್ನೂ ಅನುವಾದಿಸಿ ಪ್ರಕಟಿಸಿದರು. ನಾಲಡಿಯಾರಿನ ಆರಂಭದ ಸ್ತುತಿಪದ್ಯವೊಂದರಲ್ಲಿ ನೆಲವನ್ನು ಸೋಕದ ಪಾದಗಳುಳ್ಳ ದೇವರ ಪ್ರಸ್ತಾಪವಿದೆ. ಕಮಲಗಳ ಮೇಲೆ ವಿಹರಿಸುವ ಜಿನೇಶ್ವರನನ್ನು ಬಲ್ಲವರಿಗೆ ಅದು ಯಾರೆಂದು ಹೇಳಬೇಕಾಗಿಲ್ಲ. ಅದರಾಚೆಗೆ ಗ್ರಂಥದಲ್ಲಿ ಮತದ ಘೋಷಣೆಯಿಲ್ಲ.

ತಿರುಕ್ಕುರಳಿನ ವಿಷಯದಲ್ಲಾದರೋ ಇಂದಿಗೂ ಹಗ್ಗಜಗ್ಗಾಟ ನಿಂತಿಲ್ಲ. 133 ಅಧ್ಯಾಯಗಳಲ್ಲಿ 1330 ದ್ವಿಪದಿಗಳುಳ್ಳ ಆ ಗ್ರಂಥದ ಮೊದಲ ಅಧ್ಯಾಯದಲ್ಲಿ ಹೂವಿನ ಮೇಲೆ ನಡೆದವನು, ಎಂಟು ಗುಣಗಳುಳ್ಳವನು ಎಂಬಂಥ ವಿಶೇಷಣಗಳಿವೆ. ನೀಲಕೇಶಿಯ ವ್ಯಾಖ್ಯಾನಕಾರರಾದ ಜೈನ ಮುನಿಗಳು ಕುರಳನ್ನು ಜೈನರ ಆಗಮವೆಂದೇ ಭಾವಿಸಿ ಉಲ್ಲೇಖಿಸುತ್ತಾರೆ. ಏಲಾಚಾರ್ಯರೆನಿಸಿದ ಕುಂದಕುಂದರೇ ಅದರ ಕರ್ತೃವೆಂಬ ನಂಬಿಕೆ ತಮಿಳು ಜೈನರಲ್ಲಿದೆ. ವಂದವಾಸಿಯ ಸಮೀಪದ ಪೊನ್ನೂರು ಬೆಟ್ಟದಲ್ಲಿ ಆ ಆಚಾರ್ಯರ ಪಾದಗಳಿಗೆ ಪೂಜೆ ನಡೆಯುತ್ತದೆ. ಪ್ರೊಫೆಸರ್ ಎ. ಚಕ್ರವರ್ತಿಯವರು ಈ ಪಕ್ಷವನ್ನು ವಿದ್ವತ್ಪೂರ್ಣವಾಗಿ ಮಂಡಿಸಿದ್ದಾರೆ. ಬೇರೆಯವರು ಒಪ್ಪಿಲ್ಲ. ಎಲ್ಲರೂ ತಮ್ಮವನೆಂದು ಎಳೆದಾಡುವ ಕವಿ ಭಾಗ್ಯಶಾಲಿ. ಆದರೆ ಎಳೆದಾಟದ ಗದ್ದಲದಲ್ಲಿ, ಯಾರ ತಂಟೆಯೂ ಇಲ್ಲದೆ ಜೈನರದೇ ಆಗಿರುವ ನಾಲಡಿಯಾರು ಮರೆತುಹೋಗುತ್ತಿದೆ. ಪಕ್ಕದ ಹೊಲದ ಬದುವಿಗೆ ವ್ಯಾಜ್ಯ ಹೂಡಿ ಸ್ವಂತ ಹೊಲವನ್ನು ಬೀಳುಬಿಟ್ಟಂತೆ ಇದು.

ಈಗ ಗ್ರಂಥದ ಒಳಹೊಗಬಹುದು. ಮೋಕ್ಷಮಾರ್ಗವನ್ನು ಹಿಡಿದ ಮುನಿಗಳು ಬರೆದದ್ದೆಂದ ಮೇಲೆ ಜೀವಾದಿ ತತ್ತ್ವಗಳಿಂದ ಆರಂಭವಾಗಬಹುದೆಂದು ಓದುಗರು ನಿರೀಕ್ಷಿಸುತ್ತಾರೆ. ಹಾಗಿಲ್ಲ. ಮೊದಲ ಅಧ್ಯಾಯ ಸಂಪತ್ತಿನ ಅಸ್ಥಿರತೆ. ಅದು ತೆರೆಯುವುದು ಒಬ್ಬ ಶ್ರೀಮಂತನ ಊಟದ ಮನೆಯಲ್ಲಿ. ಷಡ್ರಸದ ಅಡುಗೆ ಮಾಡಿ ಹೆಂಡತಿ ಉಪಚರಿಸುತ್ತಿದ್ದರೆ ಒಂದು ತುತ್ತು ಉಂಡು ಸಾಕೆನ್ನುವ ಮನುಷ್ಯನನ್ನು ತೋರಿಸಿ, ಅಂಥವನೂ ಒಂದು ದಿನ ಗಂಜಿಗೆ ಕೈಯೊಡ್ಡಬಹುದೆಂದು ಮುನಿ ಎಚ್ಚರಿಸುತ್ತಾರೆ. ಆ ಮೇಲೆ ಯೌವನ, ಅದರ ಮೇಲೆ ಶರೀರ. ಅನಿತ್ಯಾನುಪ್ರೇಕ್ಷೆಯನ್ನು ಬಲ್ಲ ಶ್ರಾವಕರಿಗೆ ಈ ಕ್ರಮ ಹೊಸದಲ್ಲ. ಆದರೆ ಅನುಪ್ರೇಕ್ಷೆಯನ್ನು ಶಾಸ್ತ್ರದ ಪೀಠದಿಂದ ಇಳಿಸಿ, ಅಡುಗೆಮನೆಗೂ ಕಣಜಕ್ಕೂ ಬಂಡಿಯ ಗಾಲಿಗೂ ಹೊಂದಿಸಿದ ರೀತಿ ಇಲ್ಲಿ ವಿಶೇಷವಾಗಿದೆ.

ಸಂಪತ್ತು ಈ ಮುನಿಗಳನ್ನು ಬಿಡದೆ ಕಾಡಿದೆ. ಅಸ್ಥಿರತೆಯ ಅಧ್ಯಾಯ ಸಾಲದೆಂಬಂತೆ ಹತ್ತನೆಯದು ದಾನ, 27ನೆಯದು ಯಾರಿಗೂ ಒದಗದ ಸಂಪತ್ತು, 28ನೆಯದು ಜಿಪುಣತನ, 29ನೆಯದು ದಾರಿದ್ರ್ಯ. ಹಣವನ್ನು ಮುಟ್ಟದವರು ಹಣದ ಸ್ವಭಾವವನ್ನು ಇಷ್ಟು ಸೂಕ್ಷ್ಮವಾಗಿ ಹೇಗೆ ಬಲ್ಲರೆಂದು ಆಶ್ಚರ್ಯವಾಗುತ್ತದೆ. ಬಹುಶಃ ಮುಟ್ಟದವರಾದುದರಿಂದಲೇ ಬಲ್ಲರು. ಉಣ್ಣದೆ ಕೊಡದೆ ಕೂಡಿಟ್ಟವನನ್ನು ಅವರು ಜೇನುನೊಣಕ್ಕೆ ಹೋಲಿಸುತ್ತಾರೆ. ಕೊಡದ ಧನಿಕನ ನೆರೆಯನ್ನು ಗಟ್ಟಿ ಚಿಪ್ಪಿನ ಬೇಲದ ಮರಕ್ಕೆ ಹೋಲಿಸುತ್ತಾರೆ: ಹಣ್ಣು ಎಷ್ಟೇ ಹತ್ತಿರದಲ್ಲಿ ತೂಗಾಡಿದರೂ ಬಾವಲಿ ಅದರತ್ತ ಸುಳಿಯುವುದಿಲ್ಲ. ಇನ್ನೊಂದು ಕಡೆ ಸಮುದ್ರದ ಮಾತು ಬರುತ್ತದೆ. ಎದುರಿಗೆ ಅಷ್ಟು ನೀರಿದ್ದರೂ ಬಾಯಾರಿದವನು ದಡದ ಸಣ್ಣ ಒರತೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಊರಿಗೊಬ್ಬನಾದರೂ ಸಮುದ್ರದಂಥ ಸಾಹುಕಾರನನ್ನು ಕಂಡವರಿಗೆ ಈ ಉಪಮೆಗಳಿಗೆ ವ್ಯಾಖ್ಯಾನ ಬೇಕಿಲ್ಲ. ದಾನದ ಪ್ರಮಾಣದ ಬಗೆಗೆ ಅವರದು ತೀರ ಮೃದುವಾದ ನಿಲುವು. ಉಳ್ಳಷ್ಟರಲ್ಲಿ ದಿನವೂ ಒಂದಿಷ್ಟು, ಅದು ಅಕ್ಕಿಯ ನುಚ್ಚಿನಷ್ಟಾದರೂ ಸರಿ, ಕೊಟ್ಟು ಉಣ್ಣಬೇಕು. ವರ್ಷಕ್ಕೊಮ್ಮೆ ಸಭೆ ಕೂಡಿಸಿ ಕೊಡುವ ದಾನಕ್ಕಿಂತ ದಿನದಿನದ ನುಚ್ಚೇ ಅವರ ಕಣ್ಣಿಗೆ ಹೆಚ್ಚಾಗಿ ಬಿದ್ದಿದೆ.

ಕೋಪವಿಲ್ಲದಿರುವುದು, ತಾಳ್ಮೆ, ವಿದ್ಯೆ, ಸತ್ಸಂಗ, ಬಂಧುಗಳ ಪೋಷಣೆ, ಇವುಗಳ ಮೇಲಿನ ಅಧ್ಯಾಯಗಳು ನೀತಿಗ್ರಂಥಗಳಲ್ಲೆಲ್ಲ ಕಾಣುವಂಥವೇ. ಸ್ನೇಹದ ವಿಷಯದಲ್ಲಿ ಮಾತ್ರ ನಿಲ್ಲಬೇಕು. ಅದಕ್ಕೆ ಮೂರು ಅಧ್ಯಾಯಗಳಿವೆ: ಸ್ನೇಹವನ್ನು ಪರೀಕ್ಷಿಸುವುದು, ಸ್ನೇಹಿತನ ತಪ್ಪನ್ನು ಸಹಿಸುವುದು, ಕೂಡದ ಸ್ನೇಹ. ಮೊದಲನೆಯದಕ್ಕೂ ಮೂರನೆಯದಕ್ಕೂ ನಡುವೆ ಸಹನೆಯನ್ನು ಇಟ್ಟಿರುವುದನ್ನು ಗಮನಿಸಬೇಕು. ಪಾಲುಗಾರಿಕೆಯ ವ್ಯಾಪಾರ ಮಾಡಿದವರೆಲ್ಲ ಮೊದಲನೆಯದನ್ನೂ ಮೂರನೆಯದನ್ನೂ ಅನುಭವದಿಂದ ಕಲಿತಿರುತ್ತಾರೆ. ನಡುವಿನದನ್ನು ಕಲಿಯದೆ ಎಷ್ಟೋ ಒಳ್ಳೆಯ ಅಂಗಡಿಗಳು ಮುಚ್ಚಿವೆ, ಎಷ್ಟೋ ಅಣ್ಣತಮ್ಮಂದಿರ ಮನೆಗಳ ನಡುವೆ ಗೋಡೆಗಳು ಎದ್ದಿವೆ.

ಗ್ರಂಥದಲ್ಲಿರುವುದೆಲ್ಲವೂ ಇಂದು ಒಪ್ಪತಕ್ಕದ್ದೆಂದು ಹೇಳಲಾಗದು. ಕುಲೀನತೆಯ ಅಧ್ಯಾಯದಲ್ಲಿ ಹುಟ್ಟಿಗೆ ಕೊಟ್ಟಿರುವ ಮಹತ್ತ್ವವು, ಅದೇ ಪುಸ್ತಕ ಬೇರೆ ಕಡೆ ನಡತೆಗೆ ಕೊಟ್ಟಿರುವ ಮಹತ್ತ್ವಕ್ಕೆ ಹೊಂದುವುದಿಲ್ಲ. ಸ್ತ್ರೀಯರನ್ನು ಕುರಿತ ಕೆಲವು ಮಾತುಗಳು ಅಂದಿನ ಕಾಲದ ಮಾತುಗಳು. ಅನೇಕ ಮುನಿಗಳ ಅನೇಕ ಪದ್ಯಗಳನ್ನು ಒಟ್ಟುಗೂಡಿಸಿದಲ್ಲಿ ಇದು ಸಹಜ. ಒಂದಕ್ಕೊಂದು ಸಂಬಂಧವಿಲ್ಲವೆಂದು ಸಿಟ್ಟಾದ ಆ ಪಾಂಡ್ಯನ ಆಕ್ಷೇಪದಲ್ಲಿ ಅರ್ಧ ನಿಜವಿದೆ.

ಆ ಮುನಿಗಳ ಪೂರ್ವಿಕರಿಗೂ ಪಾಂಡ್ಯದೇಶದ ವರ್ತಕರಿಗೂ ಇದ್ದ ಸಂಬಂಧಕ್ಕೆ ಐತಿಹ್ಯಕ್ಕಿಂತ ಗಟ್ಟಿಯಾದ ಆಧಾರವು ಕಲ್ಲಿನಲ್ಲಿದೆ. ಮಧುರೆಯ ಸುತ್ತಲಿನ ಬೆಟ್ಟಗಳ ಸ್ವಾಭಾವಿಕ ಗುಹೆಗಳಲ್ಲಿ ಬಂಡೆಯನ್ನು ನುಣ್ಣಗೆ ಕಡೆದ ಶಿಲಾಶಯ್ಯೆಗಳಿವೆ. ತಲೆಯ ಭಾಗದಲ್ಲಿ ದಿಂಬಿನಂತೆ ಕಲ್ಲನ್ನು ಸ್ವಲ್ಪ ಉಬ್ಬಾಗಿ ಬಿಟ್ಟಿದ್ದಾರೆ. ಮಳೆಯ ನೀರು ಒಳಗೆ ಇಳಿಯದಂತೆ ಮೇಲಿನ ಬಂಡೆಗೆ ಕೊರೆದ ಅಂಚೂ ಇದೆ. ಪಕ್ಕದಲ್ಲಿ ತಮಿಳು ಬ್ರಾಹ್ಮೀ ಲಿಪಿಯ ಸಣ್ಣ ಸಣ್ಣ ಶಾಸನಗಳು. 1882ರಲ್ಲಿ ರಾಬರ್ಟ್ ಸೀವೆಲ್ಲರು ಮಾಂಗುಳದ ಶಾಸನಗಳನ್ನು ಮೊದಲು ಕಂಡರು. 1924ರಲ್ಲಿ ಕೆ.ವಿ. ಸುಬ್ರಹ್ಮಣ್ಯ ಅಯ್ಯರರು ಇಂಥ ಶಾಸನಗಳ ಭಾಷೆ ತಮಿಳೆಂದು ತೋರಿಸಿದರು. ಐರಾವತಂ ಮಹಾದೇವನ್ ಅವರು 2003ರಲ್ಲಿ ಪ್ರಕಟಿಸಿದ ಬೃಹದ್ಗ್ರಂಥದಲ್ಲಿ ಇವೆಲ್ಲವನ್ನೂ ಪರಿಷ್ಕರಿಸಿ ಕೊಟ್ಟು, ಇವು ಬಹುಮಟ್ಟಿಗೆ ಜೈನ ಮುನಿಗಳಿಗೆ ಸಂಬಂಧಿಸಿದವೆಂದು ನಿರ್ಣಯಿಸಿದರು. ಮಾಂಗುಳದವು ಕ್ರಿಸ್ತಪೂರ್ವ 2ನೆಯ ಶತಮಾನದಷ್ಟು ಹಳೆಯವು. ಅಲ್ಲಿ ನೆಡುಂಚೆಳಿಯನ್ ಎಂಬ ಪಾಂಡ್ಯನ ಹೆಸರಿದೆ, ನಂದ ಎಂಬ ಮುನಿಯ ಹೆಸರಿದೆ, ಜೊತೆಗೆ ವೆಳ್ಳರೈ ಎಂಬ ಊರಿನ ನಿಗಮದವರ, ಎಂದರೆ ವರ್ತಕ ಸಂಘದವರ, ದಾನವೂ ಇದೆ.

ಅಳಗರ್‌ಮಲೈಯ ಗುಹೆಯ ಶಾಸನಗಳು ಇನ್ನೂ ಹೃದಯಂಗಮವಾಗಿವೆ. ಅವುಗಳಲ್ಲಿ ಒಬ್ಬನು ಉಪ್ಪಿನ ವರ್ತಕ, ಒಬ್ಬನು ಬಟ್ಟೆಯ ವರ್ತಕ, ಒಬ್ಬನು ನೇಗಿಲ ಕುಳದ ವರ್ತಕ, ಮತ್ತೊಬ್ಬನು ಮಧುರೆಯ ಚಿನ್ನದ ವ್ಯವಹಾರದವನು. ಕರೂರಿನ ಸಮೀಪದ ಪುಗಳೂರಿನಲ್ಲಿ ಚೇರ ರಾಜಕುಮಾರನು ಮುನಿಗೆ ಮಾಡಿಸಿಕೊಟ್ಟ ನೆಲೆಯ ಪಕ್ಕದಲ್ಲಿಯೇ ಎಣ್ಣೆಯ ವರ್ತಕನೊಬ್ಬನ ದಾನವೂ ದಾಖಲಾಗಿದೆ. ಉಪ್ಪು ಮಾರಿ ಉಳಿಸಿದ ಕಾಸಿನಲ್ಲಿ ಕಲ್ಲುಕುಟಿಗನಿಗೆ ಕೂಲಿ ಕೊಟ್ಟು ಮುನಿಯೊಬ್ಬನಿಗೆ ಹಾಸಿಗೆ ಕಡೆಸಿದ ಆ ಮನುಷ್ಯನಿಗೂ ಇಂದಿನ ಶ್ರಾವಕನಿಗೂ ಎರಡು ಸಾವಿರ ವರ್ಷಗಳ ದೂರ ಎನಿಸುವುದೇ ಇಲ್ಲ. ಅಂಥ ನೆಲೆಗೆ ‘ಪಳ್ಳಿ’ ಎಂಬ ಹೆಸರಿತ್ತು. ತಮಿಳರು ಶಾಲೆಯನ್ನು ಪಳ್ಳಿಕ್ಕೂಡಂ ಎಂದು ಕರೆಯುವುದು ಆ ಮುನಿಗಳ ಪಳ್ಳಿಗಳಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಶಯ್ಯೆಗಳಿಗೂ ಪದ್ಯಗಳಿಗೂ ಏಳೆಂಟು ಶತಮಾನಗಳ ಅಂತರವಿರುವುದು ನಿಜ. ಆದರೂ ಕೊಡುಕೊಳ್ಳುವಿಕೆಯ ಸಂಬಂಧ ಅದೇ. ವರ್ತಕನು ಮುನಿಗೆ ಕಲ್ಲಿನ ಹಾಸಿಗೆಯನ್ನು ಕೊಟ್ಟನು, ಮುನಿಗಳ ಪರಂಪರೆ ವರ್ತಕನ ಮಕ್ಕಳಿಗೆ ಸಂಪತ್ತಿನ ಅಧ್ಯಾಯಗಳನ್ನು ಕೊಟ್ಟಿತು.

ಆ ಕೊಡುಗೆಗಳಲ್ಲಿ ಒಂದು ವ್ಯತ್ಯಾಸವಿದೆ. ಹಾಸಿಗೆ ಕೊಟ್ಟವನು ಬಂಡೆಯ ಮೇಲೆ ಹೆಸರು ಬರೆಸಿದ್ದಾನೆ. ಅದರಲ್ಲಿ ಕುಂದೆಣಿಸಬೇಕಾಗಿಲ್ಲ. ಬರೆಸದಿದ್ದರೆ ಉಪ್ಪಿನ ವರ್ತಕನ ಸುಳಿವೇ ಇರುತ್ತಿರಲಿಲ್ಲ. ದಾನದ ಕೀರ್ತಿಯನ್ನು ನಾಲಡಿಯಾರೂ ಅಲ್ಲಗಳೆಯುವುದಿಲ್ಲ, ಅದು ಗುಡುಗಿನ ಸದ್ದಿಗಿಂತ ದೂರ ಹೋಗುತ್ತದೆಂದೇ ಹೇಳುತ್ತದೆ. ಆದರೆ ಪದ್ಯ ಕೊಟ್ಟವರಲ್ಲಿ ಒಬ್ಬನೂ ಹೆಸರು ಬರೆಯಲಿಲ್ಲ. ನಾನೂರು ಪದ್ಯಗಳಲ್ಲಿ ಇಂಥದನ್ನು ಇಂಥವನು ರಚಿಸಿದನೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಜೋಡಿಸಿದವನ ಹೆಸರು ಉಳಿದಿದೆ, ಅನುವಾದಿಸಿದವನ ಹೆಸರು ಉಳಿದಿದೆ, ಬರೆದವರ ಹೆಸರು ಅವರೇ ಬಿಟ್ಟುಹೋದ ಆಸನಗಳಂತೆ ಬರಿದಾಗಿದೆ. ಬಸದಿಯ ಪ್ರತಿ ಮೆಟ್ಟಿಲಿಗೂ ಪ್ರತಿ ಗೋಡೆಗಡಿಯಾರಕ್ಕೂ ಹೆಸರು ಕೆತ್ತಿಸುವ ಇಂದಿನ ದಿನಗಳಲ್ಲಿ ಇದು ಸ್ವಲ್ಪ ಯೋಚನೆಗೆ ಎಡೆಮಾಡುವ ಸಂಗತಿ.

ಇಂಥ ಗ್ರಂಥಗಳನ್ನು ಉಳಿಸಿಕೊಂಡು ಬಂದವರೂ ಬಹುಪಾಲು ಹೆಸರಿಲ್ಲದ ಗೃಹಸ್ಥರೇ. ತಮಿಳಿನ ಮಹಾವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರರು ಕುಂಭಕೋಣದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದಾಗ ಜೈನ ಮಹಾಕಾವ್ಯವಾದ ಜೀವಕಚಿಂತಾಮಣಿಯ ಅರ್ಥ ಹಿಡಿಯದೆ ಅಲ್ಲಿನ ಜೈನರನ್ನು ಹುಡುಕಿಕೊಂಡು ಹೋದರು. ಒಂದು ದಿನ ಆ ಮನೆಗಳಲ್ಲಿ ತೋರಣ ಅಲಂಕಾರಗಳನ್ನು ಕಂಡು, ಇಂದು ಏನು ಹಬ್ಬವೆಂದು ವಿಚಾರಿಸಿದರೆ, ಚಿಂತಾಮಣಿಯ ಪಾರಾಯಣ ಮುಗಿಯಿತು, ಅದಕ್ಕಾಗಿ ಎಂಬ ಉತ್ತರ ಬಂದಿತು. ತಾವು ಅಲಭ್ಯವೆಂದು ಚಿಂತಿಸುತ್ತಿದ್ದ ಕಾವ್ಯವು ಅಕ್ಕಪಕ್ಕದ ಮನೆಗಳಲ್ಲಿ ಉಸಿರಾಡುತ್ತಿತ್ತು. ಅವರ ನೆರವಿನಿಂದ ಅಯ್ಯರರು 1887ರಲ್ಲಿ ಅದನ್ನು ಅಚ್ಚುಹಾಕಿಸಿದರು. ಪುಸ್ತಕವೊಂದನ್ನು ಓದಿ ಮುಗಿಸಿದ್ದಕ್ಕೆ ಬಾಗಿಲಿಗೆ ತೋರಣ ಕಟ್ಟಿದ ಮನೆಗಳು ಅವು.

ಕೊನೆಯದಾಗಿ ಒಂದು ಸ್ವಾರಸ್ಯದ ವಿಷಯ. ನಾಲಡಿಯಾರಿನಲ್ಲಿ ಕವಿಗಳ ಹೆಸರಿಲ್ಲದಿದ್ದರೂ ದಾನಿಗಳ ಮನೆತನವೊಂದರ ಹೆಸರು ಎರಡು ಕಡೆ ಬಂದಿದೆ. ಅದು ಪೆರುಮುತ್ತರೈಯರ್ ಎಂಬುದು. ತಂಜಾವೂರು, ತಿರುಚಿರಾಪಳ್ಳಿಗಳ ಸೀಮೆಯಲ್ಲಿ 7ನೆಯ, 8ನೆಯ ಶತಮಾನಗಳಲ್ಲಿ ಪ್ರಬಲರಾಗಿದ್ದ ಆ ಮುತ್ತರೈಯರ ಹೆಸರಿನಿಂದಲೇ ವಿದ್ವಾಂಸರು ಈ ಪದ್ಯಗಳ ಕಾಲವನ್ನು ಊಹಿಸುತ್ತಾರೆ. ದೊಡ್ಡ ಅನ್ನದಾನಿಗಳೆಂದು ಅವರು ಖ್ಯಾತರಾಗಿದ್ದರೆಂದು ಆ ಪದ್ಯಗಳಿಂದಲೇ ತಿಳಿಯುತ್ತದೆ. ಆಶ್ರಯದಾತರನ್ನು ಹೊಗಳುವುದು ಕವಿಗಳ ಪದ್ಧತಿಯಾದುದರಿಂದ ಈ ಪದ್ಯಗಳೂ ಸ್ತುತಿಯೆಂದೇ ಮೊದಲ ನೋಟಕ್ಕೆ ತೋರುತ್ತದೆ. ಒಂದು ಪದ್ಯವು ಸ್ವಪ್ರಯತ್ನದ ಅಧ್ಯಾಯದ ಕೊನೆಯಲ್ಲಿದೆ. ಮುತ್ತರೈಯರು ಸಂತೋಷದಿಂದ ಬಡಿಸುವ ಪಲ್ಯ ಸಹಿತವಾದ ಅನ್ನದ ಮಾತು ಅದರಲ್ಲಿ ಬರುತ್ತದೆ. ಆದರೆ ಅಮೃತವೆಂಬ ಪದವನ್ನು ಮುನಿಯು ಮೀಸಲಿಟ್ಟಿರುವುದು ಪಲ್ಯದ ಹೆಸರನ್ನೇ ಅರಿಯದೆ, ತನ್ನ ದುಡಿಮೆಯಿಂದ ಬಂದ ನೀರುಗಂಜಿಯನ್ನು ಕುಡಿಯುವವನ ಊಟಕ್ಕೆ. ಇನ್ನೊಂದು ಪದ್ಯ ಮಾನವನ್ನು ಕುರಿತ ಅಧ್ಯಾಯದಲ್ಲಿದೆ. ಅಲ್ಲಿ ಕೊಡದ ಸಿರಿವಂತನನ್ನು ಬಡವನೆಂದು ಕರೆದು, ಬಡತನದಲ್ಲಿಯೂ ಬೇಡದೆ ನಿಂತ ಮನುಷ್ಯನಿಗೆ ಪೆರುಮುತ್ತರೈಯರ ಹೆಸರನ್ನು ಕೊಟ್ಟುಬಿಟ್ಟಿದ್ದಾರೆ. ಪ್ರತಿದಿನವೂ ಪರರ ಮನೆಯ ಮುಂದೆ ಆಹಾರಕ್ಕೆ ನಿಲ್ಲುತ್ತಿದ್ದ ಮುನಿಗಳು, ಪ್ರಾಯಶಃ ಆ ದಾನಿಗಳ ಮನೆಯ ಮುಂದೆಯೂ ನಿಂತಿದ್ದವರು, ಬರೆದ ಪದ್ಯಗಳಿವು.